ನೈರೋಬಿಯ ಚಳಿಗೆ ಮೈಸೂರಿನ ಕೆಂಡ

ನೈರೋಬಿಯಲ್ಲಿ ಇಳಿದಾಗ ಜುಲೈ. ಆಫ್ರಿಕಾ ಅಂದಮೇಲೆ ಸುಡುಬಿಸಿಲೇ ಎಂದುಕೊಂಡು ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟಿದ್ದೆ. ನಿಲ್ದಾಣದ ಹೊರಗೆ ಮೋಡ ಕವಿದ ಆಕಾಶ, ಹಲ್ಲು ಕಟಕಟ. ಅಳಿಯ ರವಿ ತಮ್ಮ ಜಾಕೆಟ್ ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಮಗಳು ಸುಮಾಳ ಬಾಣಂತನಕ್ಕೆ ಹೋದವಳು ನಾನು. ಮೊದಲ ಉಪಚಾರ ನನಗೇ ಆಯಿತು.

ಹೈರಿಡ್ಜ್ ಬಡಾವಣೆಯಲ್ಲಿ ಅವರ ಫ್ಲ್ಯಾಟು. ಬಿಗಿಯಾದ ಗಾಜಿನ ಕಿಟಕಿಗಳು, ಕಾಲಿಟ್ಟರೆ ಕೊರೆಯುವ ನೆಲ. "ಬಾಣಂತಿ ಕೋಣೆ ಹೀಗಿರುತ್ತಾ?" ಎಂದು ಗೊಣಗಿ, ಮರುದಿನವೇ ಜಿಕೋ ತರಿಸಿದೆ. ಜಿಕೋ ಅಂದರೆ ಇಲ್ಲಿನ ಇದ್ದಿಲ ಒಲೆ, ನಮ್ಮ ಅಗ್ಗಿಷ್ಟಿಕೆಯ ದಾಯಾದಿ.

ರವಿ ಆಫೀಸಿಗೆ ಹೋದ ಮೇಲೆ ಮಗುವಿಗೆ ಎಣ್ಣೆ ನೀರು ಮುಗಿಸಿ, ಕೆಂಡ ತುಂಬಿದ ಜಿಕೋವನ್ನು ಕೋಣೆಯಲ್ಲಿಟ್ಟೆ. ಗಾಳಿ ತಾಗದಂತೆ ಕಿಟಕಿ, ಬಾಗಿಲು ಭದ್ರ ಮಾಡಿದೆ. ನಮ್ಮಮ್ಮ ನನಗೆ ಮಾಡಿದ್ದೂ ಹೀಗೇ. ಸುಮಾ, ಮಗು ಇಬ್ಬರೂ ಒಳಗೆ ಸದ್ದಿಲ್ಲದೆ ಮಲಗಿದರು. ನಾನು ಅಡುಗೆಮನೆಯಲ್ಲಿ ಮೆಣಸಿನ ಸಾರು ಕುದಿಸುತ್ತಾ ಬೀಗುತ್ತಿದ್ದೆ.

ಊಟಕ್ಕೆ ಬಂದ ರವಿ ಕೋಣೆಯ ಬಾಗಿಲು ತೆಗೆದವರೇ "ಅತ್ತೆ!" ಎಂದು ಕೂಗಿ, ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದರು. ಸುಮಾ "ಅಮ್ಮಾ, ತಲೆ ಸುತ್ತುತ್ತೆ" ಎಂದು ತಡವರಿಸಿದಳು. ಅವಳನ್ನೂ ಹೊರಗೆ ಎಳೆದುಕೊಂಡು ಬಂದೆ. ಮಗು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ತಣ್ಣನೆ ಗಾಳಿಯಲ್ಲಿ ಅದು ಕಿರುಚಿದಾಗಲೇ ನನಗೆ ಹೋದ ಜೀವ ಬಂದದ್ದು. ಆಸ್ಪತ್ರೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಕುಡಿದಿದ್ದಾರೆಂದು ಆಕ್ಸಿಜನ್ ಕೊಟ್ಟು, ಸಂಜೆಯವರೆಗೆ ನೋಡಿ, ಇಬ್ಬರಿಗೂ ಅಪಾಯವಿಲ್ಲ ಎಂದರು.

ಟ್ರಾಫಿಕ್ ತಪ್ಪಿಸಲು ಸ್ಪ್ರಿಂಗ್ ವ್ಯಾಲಿ ಎಂಬ ಹಳೆಯ ಬಡಾವಣೆ ಸುತ್ತಿ ಮನೆಗೆ ಹೊರಟೆವು. ರವಿ ಬೈಯಲಿಲ್ಲ, ಅದೇ ಕಷ್ಟವಾಯಿತು. ಕೆಲಸದ ಮೇಲೆ ಚಳಿ ದೇಶಗಳನ್ನು ಸುತ್ತಿದವರು ಅವರು. "ಫಿನ್‌ಲ್ಯಾಂಡಲ್ಲಿ ಚಳಿ ತಿಂಗಳುಗಟ್ಟಲೆ ಅತ್ತೆ, ಅದಕ್ಕೇ ಊರಿಗೆಲ್ಲ ಪೈಪಲ್ಲಿ ಬಿಸಿನೀರು. ಕೊರಿಯಾದವರು ನೆಲದ ಮೇಲೇ ಕೂತು ಮಲಗೋರು, ನೆಲವನ್ನೇ ಬಿಸಿ ಮಾಡ್ತಾರೆ. ಜಪಾನಲ್ಲಿ ಹಳೇ ಮನೆಗಳನ್ನ ಕಟ್ಟಿದ್ದೇ ಬೇಸಿಗೆ ಸೆಕೆಗೆ. ಚಳಿಗೆ ಮೇಜಿನ ಕೆಳಗಷ್ಟೇ ಬಿಸಿ, ಮೇಲೆ ರಜಾಯಿ. ಇಲ್ಲಿ ಚಳಿ ಸ್ವಲ್ಪ ದಿನದ್ದು, ಫ್ಲ್ಯಾಟ್ ಕಟ್ಟೋರು ಅದರ ಯೋಚನೆನೇ ಮಾಡಲ್ಲ." ದಾರಿಬದಿಯ ಹಳೆಯ ಬಂಗಲೆಗಳ ಮೇಲಿನ ಹೊಗೆಗೂಡು ತೋರಿಸಿದರು. ಕಟ್ಟಿಸಿದ ಬ್ರಿಟಿಷರು ಬೆಂಕಿಯ ಜೊತೆ ಹೊಗೆಯ ದಾರಿಯನ್ನೂ ತಂದಿದ್ದರು. ನಮ್ಮಮ್ಮನ ಬಾಣಂತಿ ಕೋಣೆಯಲ್ಲಿ ಹೆಂಚಿನ ಸಂದುಗಳೇ ಆ ಕೆಲಸ ಮಾಡುತ್ತಿದ್ದವೆಂದು ನನಗೆ ಆಗ ಹೊಳೆಯಿತು. ಸುಮಾ ಹಿಂದಿನ ಸೀಟಿನಲ್ಲಿ ಮಗುವನ್ನು ಅವಚಿಕೊಂಡು ಕೂತಿದ್ದಳು.

ಆಮೇಲೆ ಕೆಲವು ದಿನ ಅವಳು ಮಗುವನ್ನು ನನ್ನ ಕೈಗೆ ಕೊಡಲು ಹಿಂಜರಿದಳು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಒಂದು ಬೆಳಿಗ್ಗೆ ಸುಮಾ ತಾನೇ ಬಂದು ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿ, "ನಿನ್ನ ಮೈ ಬಿಸೀನೇ ಸಾಕಮ್ಮ" ಅಂದಳು. ಅಂದಿನಿಂದ ನಾನು ಅಲ್ಲಿದ್ದಷ್ಟು ದಿನವೂ ಮಗುವಿಗೆ ಅದೇ ಜಾಗ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮಗುವನ್ನು ಸುಮಾಳ ಕೈಗೆ ಕೊಟ್ಟೆ. ಅದು ಒರಗಿದ್ದಷ್ಟು ಜಾಗ ಎದೆಯ ಮೇಲೆ ತಣ್ಣಗಾಯಿತು.