ಸೀತಕ್ಕನ ಅಮೆರಿಕದ ಕೋಳಿ

ಜಯಪುರದ ಪೇಟೆಯಲ್ಲಿ ನಿಂತು ಸೀತಕ್ಕನ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾವ ಸೀತಕ್ಕ? ಕೋಳಿ ಸಾರಿನ ಸೀತಕ್ಕನಾ?" ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಹೌದು, ಅವಳೇ. ಹುಟ್ಟಿದ್ದು ನರಸಿಂಹರಾಜಪುರದ ಕಡೆ. ಹತ್ತೊಂಬತ್ತಕ್ಕೆ ಸುಬ್ಬಪ್ಪನ ಕೈ ಹಿಡಿದು ಇತ್ತ ಬಂದಳು. ಮೂವತ್ತೆಂಟು ವರ್ಷ ಕಾಫಿ ತೋಟದಲ್ಲಿ ಕೂಲಿ ಮಾಡಿದ್ದಾಳೆ, ಕೊಯ್ದ ಹಣ್ಣಿನ ಲೆಕ್ಕ ಊರ ದೈವ ಭೂತರಾಯನಿಗೇ ಗೊತ್ತು. ಅಷ್ಟೆಲ್ಲ ದುಡಿದರೂ ಹೆಸರು ತಂದುಕೊಟ್ಟದ್ದು ಮಾತ್ರ ಕೋಳಿ ಸಾರು.

ಅದೂ ಎಂಥ ಸಾರು! ಊರ ಭೂತರಾಯನ ಬನದಲ್ಲಿ ವರ್ಷಕ್ಕೊಮ್ಮೆ ಹರಕೆ ಊಟ. ಕೋಳಿ ಕೊಯ್ಯುವುದು ಗಂಡಸರು, ಬೇಯಿಸುವುದು ಸೀತಕ್ಕ. ಅಲ್ಲೊಂದು ಕಟ್ಟುನಿಟ್ಟು ಉಂಟು. ಭೂತರಾಯನಿಗೆ ಎಡೆ ಇಡುವ ತನಕ ಸಾರನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವಂತಿಲ್ಲ, ಬಗ್ಗಿ ಮೂಸುವಂತಂತೂ ಇಲ್ಲವೇ ಇಲ್ಲ. ಇಪ್ಪತ್ತು ಕೋಳಿ, ನೂರೈವತ್ತು ಜನ, ಉಪ್ಪು ಹುಳಿ ಖಾರ ಎಲ್ಲ ಕೈ ಅಂದಾಜು. ನೀವೂ ನಾನೂ ಆಗಿದ್ದರೆ ಸೌಟು ಬಿಸಾಕಿ ಓಡುತ್ತಿದ್ದೆವು. ಸೀತಕ್ಕನ ಸಾರಿಗೆ ಒಂದು ವರ್ಷವೂ ಉಪ್ಪು ಹೆಚ್ಚಾದದ್ದಿಲ್ಲ, ಕಡಿಮೆಯಾದದ್ದಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ನಾಲ್ಕು ವರ್ಷದ ಹಿಂದೆ, ಕೊರೋನದ ಎರಡನೇ ಸುತ್ತಿನಲ್ಲಿ, ಆ ಮನೆಯಲ್ಲಿ ಮೂವರಿಗೂ ಜ್ವರ ಬಂತು. ಸೀತಕ್ಕ, ಗಂಡ ಸುಬ್ಬಪ್ಪ, ಮಗ ಲೋಕೇಶ. ಮೂವರಿಗೂ ವಾಸನೆ ಹೋಯಿತು. ಗಂಡಸರಿಬ್ಬರಿಗೆ ಹದಿನೈದು ದಿನದಲ್ಲಿ ವಾಪಸು ಬಂತು. ಸೀತಕ್ಕನಿಗೆ ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಮೂಗು ಹೋಗಿದ್ದು ಹೋಗಿಯೇ ಬಿಟ್ಟಿತು, ನಾಲಿಗೆಯನ್ನೂ ಮುಕ್ಕಾಲು ಪಾಲು ಜೊತೆಗೆ ಕರೆದುಕೊಂಡು ಹೋಯಿತು. "ನಿಂಗೆ ಬಂತಾ?" ಎಂದು ಸುಬ್ಬಪ್ಪ ಕೇಳಿದಾಗ "ಹ್ಞೂಂ, ಬಂತು" ಎಂದು ಒಂದು ಸುಳ್ಳು ಹೇಳಿದಳು. ಆ ಒಂದು ಸುಳ್ಳನ್ನು ಸಾಕಿಕೊಂಡು ಬರುವುದೇ ಅವಳ ಬಾಳಾಯಿತು.

ಯಾಕೆ ಹೇಳಲಿಲ್ಲ ಎಂದರೆ, ಹೇಳುವುದು ಹೇಗೆ ಸ್ವಾಮಿ? ಮೂಗಿಲ್ಲದವಳನ್ನು ಬನದ ಅಡುಗೆಗೆ ಯಾರು ಕರೆಯುತ್ತಾರೆ? ಹರಕೆ ಸಾರಿಗೆ ಮೂಗೂ ಬೇಡ ನಾಲಿಗೆಯೂ ಬೇಡ, ಅವಳ ಕೈಗೆ ಎಲ್ಲ ಗೊತ್ತಿತ್ತು. ಹಾಗಾಗಿ ಯಾರಿಗೂ ಸುಳಿವು ಸಿಗಲಿಲ್ಲ. ಮನೆಯ ಅಡುಗೆಗೆ ಒಂದು ಉಪಾಯ ಹೂಡಿದಳು. ಸೌಟಿನಿಂದ ಎರಡು ಹನಿ ಸುಬ್ಬಪ್ಪನ ಅಂಗೈಗೆ ಬಿಟ್ಟು "ಉಪ್ಪು ನೋಡಿ" ಅನ್ನುವುದು. ಅವನು ನೆಕ್ಕಿ "ಸರಿ ಅದೆ" ಎಂದರೆ ಇಳಿಸುವುದು. ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟು ಗುಡ್ಡವೆಲ್ಲ ಘಮ್ಮೆನ್ನುವಾಗ ಜೊತೆಯ ಹೆಂಗಸರು "ಆಹಾ, ಎಂಥ ಪರಿಮಳ ಮಾರಾಯ್ತಿ" ಎಂದರೆ ಅವಳೂ ಮೂಗರಳಿಸಿ "ಹೌದು ಹೌದು" ಅನ್ನುತ್ತಿದ್ದಳು. ಆಮೇಲೆ ಗಿಡದ ಮರೆಗೆ ಹೋಗಿ ಒಂದು ಹೂ ಕಿತ್ತು ಮೂಗಿಗೆ ಒತ್ತಿ ಹಿಡಿಯುತ್ತಿದ್ದಳು. ಏನೂ ಇಲ್ಲ.

ಎಲ್ಲಕ್ಕಿಂತ ಕಷ್ಟದ್ದು ಊಟ. ಸೀತಕ್ಕ ತಿನ್ನುವುದರಲ್ಲಿ ಜೀವ ಇಟ್ಟವಳು. ಅಂಥವಳಿಗೆ ಈಗ ಒಂದು ಸಲ ಬಡಿಸಿಕೊಂಡದ್ದನ್ನು ಮುಗಿಸುವುದೇ ದೊಡ್ಡ ಕೆಲಸವಾಗಿತ್ತು. ಒಂದೇ ಒಂದು ಸಲ ಬಾಯಿ ಚಪ್ಪರಿಸಿ ಉಣ್ಣಬೇಕು ಎನ್ನುವುದು ಅವಳ ಆಸೆ. ಬೇರೇನೂ ಬೇಡ.

ಇದಾದ ಎರಡು ವರ್ಷಕ್ಕೆ ಲೋಕೇಶನಿಗೆ ಮದುವೆಯಾಗಿ ಬಾಳಗಡಿಯಿಂದ ಪವಿತ್ರಾ ಸೊಸೆಯಾಗಿ ಬಂದಳು. ಜಯಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ, ಮಾತಿನಮಲ್ಲಿ. ಅತ್ತೆಗೂ ಅವಳಿಗೂ ಮೊದಲ ದಿನದಿಂದಲೇ ಹೊಂದಿಕೆ. ಈಚೆಗೆ ಒಂದು ಸಂಜೆ ಪವಿತ್ರಾ ಅಡುಗೆಮನೆಯಲ್ಲಿ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದಳು. ಅಮೆರಿಕದ ದಕ್ಷಿಣದ ಸೀಮೆಯ ಒಬ್ಬ ಅಜ್ಜಿ, ಸೀತಕ್ಕನದೇ ವಯಸ್ಸು, ಸೀತಕ್ಕನದೇ ಗಾತ್ರ. ಕಬ್ಬಿಣದ ಬಾಣಲೆಯಲ್ಲಿ ಹಿಟ್ಟು ಹೊರಳಿಸಿದ ಕೋಳಿ ಕರಿಯುತ್ತಿದ್ದಳು. ಕರಿದು ಮುಗಿಸಿ ಒಂದು ತುಂಡು ಕಚ್ಚಿದಳು. ಕರಕ್! ಸೊಪ್ಪು ಬಿಡಿಸುತ್ತಿದ್ದ ಸೀತಕ್ಕನ ಕೈ ನಿಂತಿತು.

"ಎಂತ ಶಬ್ದ ಅದು? ಇನ್ನೊಂದ್ಸಲ ಹಾಕು."

ಪವಿತ್ರಾ ಹಾಕಿದಳು. ಕರಕ್! ನಾಲ್ಕು ವರ್ಷದಿಂದ ಯಾವ ಊಟವೂ ಸೀತಕ್ಕನೊಡನೆ ಮಾತಾಡಿರಲಿಲ್ಲ. ಇದು ಮಾತಾಡಿತು, ಅದೂ ಮೊಬೈಲಿನೊಳಗಿಂದ.

"ಭಾನುವಾರ ಅದನ್ನೇ ಮಾಡುವ" ಎಂದಳು.

ಭಾನುವಾರ ಬಂತು. ಲೋಕೇಶ ಶೃಂಗೇರಿಯಿಂದ ಕೊಪ್ಪದ ಮೇಲೆ ಎನ್.ಆರ್. ಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು, ಅವನಿಗೆ ರಜೆ ಇರಲಿಲ್ಲ. ಸೀತಕ್ಕ ಹಿತ್ತಿಲಿನ ಒಂದೂವರೆ ವರ್ಷದ ನಾಟಿ ಹುಂಜವನ್ನೇ ಹಿಡಿಸಿದಳು.

"ಅತ್ತೆ, ವಿಡಿಯೋದಲ್ಲಿ ಇರೋದು ಫಾರಂ ಕೋಳಿ" ಎಂದು ಪವಿತ್ರಾ ಮೆಲ್ಲಗೆ ಹೇಳಿದಳು.

"ಫಾರಂ ಕೋಳಿಯಾ! ಅದನ್ನ ಕೋಳಿ ಅಂತ ಯಾರ್ ಹೇಳಿದ್ದು ನಿಂಗೆ? ಬರೀ ಹತ್ತಿ. ನನ್ನ ಬಾಣಲೆಗೆ ಅದು ಬರೂದಿಲ್ಲ ಮಾರಾಯ್ತಿ, ನಾನ್ ಬದುಕಿರೋ ತನಕ ಬರೂದಿಲ್ಲ."

ಮಾತು ಮುಗಿಯಿತು. ತುಂಡುಗಳನ್ನು ಉಪ್ಪು ಹಾಕಿದ ಗಟ್ಟಿ ಮಜ್ಜಿಗೆಯಲ್ಲಿ ನೆನೆಸಿಟ್ಟರು. ಸುಬ್ಬಪ್ಪ ಬಗ್ಗಿ ನೋಡಿ "ಕೋಳಿಗೆ ಮಜ್ಜಿಗೆಯಾ? ನಂಜಾಗ್ತದೆ ಕಣೆ" ಎಂದ. "ಅಮೆರಿಕದವರೆಲ್ಲ ಸತ್ತು ಹೋದ್ರಾ?" ಎಂದು ಸೀತಕ್ಕ ಅವನನ್ನು ಜಗಲಿಗೆ ಅಟ್ಟಿದಳು. ಮೈದಾ, ಅಕ್ಕಿ ಹಿಟ್ಟು, ಉಪ್ಪು, ಒಂದೇ ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಕಲಸಿ ತುಂಡುಗಳನ್ನು ಹೊರಳಿಸಿ ಎಣ್ಣೆಗೆ ಬಿಟ್ಟಳು. ಪವಿತ್ರಾ ಬಟ್ಟೆ ಒಣಗಿಸಲು ಅಂಗಳಕ್ಕೆ ಹೋದಳು.

ನಾಟಿ ಹುಂಜ ಗಂಟೆಗಟ್ಟಲೆ ಸಾರಿನಲ್ಲಿ ಕುದಿಯಬೇಕಾದ ಪ್ರಾಣಿ. ಕಾಲು ಗಂಟೆಯಲ್ಲಿ ಬೇಯಲು ಅದಕ್ಕೇನು ಹುಚ್ಚೇ? ಬೇಯಲಿಲ್ಲ ಎಂದು ಸೀತಕ್ಕ ಅದನ್ನು ಎಣ್ಣೆಯಲ್ಲೇ ಬಿಟ್ಟಳು. ಉದುರಿದ ಹಿಟ್ಟು ತಳದಲ್ಲಿ ಕಪ್ಪಾಗಿ ಸೀಯತೊಡಗಿತು. ಅಂಗಳದ ಆ ತುದಿಯಲ್ಲಿದ್ದ ಪವಿತ್ರಾಳ ಮೂಗಿಗೆ ಸೀದ ವಾಸನೆ ಬಡಿಯಿತು. ಒದ್ದೆ ಲುಂಗಿಯನ್ನು ಕೈಯಲ್ಲೇ ಹಿಡಿದು ಓಡಿಬಂದಳು. ನೋಡುತ್ತಾಳೆ, ಅತ್ತೆ ಬಾಣಲೆಯ ಎದುರೇ ಜಾಲರಿ ಸೌಟು ಹಿಡಿದು ಹಾಯಾಗಿ ನಿಂತಿದ್ದಾಳೆ.

"ಅತ್ತೆ! ಸೀದು ಹೋಗ್ತಿದೆ! ವಾಸನೆ ಬರ್ತಿಲ್ವಾ ನಿಮ್ಗೆ?"

ನೆಗಡಿ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಯಾಕೋ ಸೀತಕ್ಕನಿಗೆ ಸಾಕಾಗಿ ಹೋಗಿತ್ತು. ಮಣೆ ಎಳೆದುಕೊಂಡು ಕೂತಳು.

"ಇಲ್ಲ ಮಗ. ನಾಲ್ಕ್ ವರ್ಷ ಆಯ್ತು."

ಪವಿತ್ರಾ ಮೊದಲು ಗ್ಯಾಸ್ ಆರಿಸಿದಳು, ಆಮೇಲೆ ಅತ್ತೆಯ ಪಕ್ಕ ನೆಲದ ಮೇಲೇ ಕೂತಳು.

"ಹಂಗಾದ್ರೆ ಬನದ ಸಾರು?"

"ಕೈ ಮಾಡ್ತದೆ. ಅಲ್ಲಿ ಮೂಗಿಗೆ ಎಂತ ಕೆಲ್ಸ?"

"ಊಟ ಮಾಡುವಾಗ?"

"ಇದು ಅನ್ನ, ಇದು ಸಾರು ಅಂತ ಕಣ್ಣು ಹೇಳ್ತದೆ. ಬಾಯಿ ಎಂತದೂ ಹೇಳೂದಿಲ್ಲ." ಸೀತಕ್ಕನ ಕಣ್ಣು ತುಂಬಿತು. "ಯಾರತ್ರಾನೂ ಹೇಳ್ಬೇಡ ಮಾರಾಯ್ತಿ. ನಿನ್ನ ಮಾವನ ಹತ್ರಾನೂ ಬೇಡ."

ಪವಿತ್ರಾ ಹೇಳುವುದಿಲ್ಲ ಎಂದು ಕೈಮೇಲೆ ಕೈಯಿಟ್ಟಳು. ಆ ಹುಂಜದ ಕಥೆ ಕೇಳಬೇಡಿ. ಸುಬ್ಬಪ್ಪ ಅರ್ಧ ಗಂಟೆ ಜಗಿದು, ದವಡೆ ಹಿಡಿದುಕೊಂಡು ಸೋತು ಎದ್ದ. ನಾಯಿಗೆ ಹಾಕಿದರೆ ಅದು ಕಚ್ಚಿಕೊಂಡು ಹೋಗಿ ಬಾಳೆಬುಡದಲ್ಲಿ ಹೂತಿಟ್ಟು ಬಂತು.

ಬುಧವಾರ ಇನ್ನೊಂದು ನಡೆಯಿತು. ಪವಿತ್ರಾಳ ತವರಿಗೆ ಕಳಿಸಲೆಂದು ಸೀತಕ್ಕ ಒಣಗಿದ ಸೂಜಿಮೆಣಸು ಕುಟ್ಟಲು ಕೂತಳು. ಉಗುರುದ್ದವೂ ಇಲ್ಲದ ಆ ಮೆಣಸಿನ ಖಾರ ಗೊತ್ತಲ್ಲ, ಮುಟ್ಟಿದ ಕೈ ಕಣ್ಣಿಗೆ ಹೋದರೆ ಆ ದಿನ ಮುಗಿಯಿತು. ಕೊರೋನಕ್ಕೂ ಮೊದಲೇ ಸುಬ್ಬಪ್ಪನ ಹೊಟ್ಟೆಯುರಿಗೆ ಡಾಕ್ಟರು ಖಾರ ಬಿಡಿಸಿದ್ದರಿಂದ ಆ ಮನೆಯಲ್ಲಿ ಅದನ್ನು ಬಳಸಿರಲಿಲ್ಲ. ನಾಲ್ಕು ಪೆಟ್ಟು ಕುಟ್ಟಿದ್ದಾಳೋ ಇಲ್ಲವೋ, ಘಾಟು ಎದ್ದಿತು. ಆಕ್ಷೀ! ಮತ್ತೆ ಆಕ್ಷೀ! ಸಾಲಾಗಿ ಏಳು ಸೀನು. ಮೂಗಿನಿಂದ ನೀರು ಸುರಿಯಿತು, ನೆತ್ತಿಯವರೆಗೂ ಉರಿಯಿತು.

ಸೀತಕ್ಕ ಕುಟ್ಟಾಣಿ ಹಿಡಿದುಕೊಂಡು ಹಾಗೇ ಕೂತಳು. ಉರಿಯುತ್ತಿದೆ! ಸತ್ತ ಮೂಗು ಉರಿಯುತ್ತದೆಯೇ? ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಲು ಕೈ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದಳು. ಬಾಯಿಗೆ ಹಾಕಿ ಏನೂ ಗೊತ್ತಾಗದಿದ್ದರೆ? ಭಾನುವಾರ ಮತ್ತೊಮ್ಮೆ ಕೋಳಿ ಕರಿಯುವ, ಅಲ್ಲಿಯವರೆಗೆ ಆಸೆಯಾದರೂ ಇರಲಿ ಎಂದುಕೊಂಡು, ಬಾಳಗಡಿಗೆ ಕಳಿಸಬೇಕಾಗಿದ್ದ ಪುಡಿಯನ್ನು ಡಬ್ಬಿಗೆ ತುಂಬಿ ತನ್ನ ಅಡುಗೆಮನೆಯ ಗೂಡಿನಲ್ಲೇ ಇಟ್ಟುಕೊಂಡಳು.

ಸಂಜೆ ಸೊಸೆಯನ್ನು ಕರೆದು ಹೇಳಿದಳು. "ಫಾರಂ ಕೋಳಿ ತರಿಸು."

ಪವಿತ್ರಾ ನಗು ತಡೆದುಕೊಂಡಳು. "ಪೇಟೆಯಿಂದ ತರ್ಲಾ ಅತ್ತೆ?"

"ಥೂ, ಜಯಪುರದಲ್ಲಿ ಬೇಡ! ಕೋಳಿ ಸಾರಿನ ಸೀತಕ್ಕನ ಮನೆಗೆ ಫಾರಂ ಕೋಳಿ ಹೋಯ್ತು ಅಂತ ಊರಿಡೀ ಆಗ್ತದೆ. ಲೋಕೇಶ ಕೊಪ್ಪದಿಂದ ತರ್ಲಿ."

ಭಾನುವಾರ ಲೋಕೇಶ ಬೆಳಗಿನ ಟ್ರಿಪ್ಪಿನಲ್ಲಿ ತಂದ. ಬಸ್ಸಿನ ತುಂಬ ಶೃಂಗೇರಿಗೆ ಹೊರಟ ಯಾತ್ರಿಕರು, ಮಡಿಯುಟ್ಟ ಅಜ್ಜಿಯರು. ಕೋಳಿ ಮಾಂಸವನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಡಬ್ಬಿಯನ್ನು ಡ್ರೈವರ್ ಸೀಟಿನಡಿ ತಳ್ಳಿ, ಜಯಪುರ ಬರುವ ತನಕ ಬೆವರಿದನಂತೆ. ಮಧ್ಯಾಹ್ನಕ್ಕೆ ಬದಲಿ ಕಂಡಕ್ಟರನನ್ನು ಹೊಂದಿಸಿ ತಾನೂ ಮನೆಗೆ ಬಂದ.

ಈ ಸಲ ಸೀತಕ್ಕ ಹಿಟ್ಟಿಗೆ ಸೂಜಿಮೆಣಸಿನ ಪುಡಿಯನ್ನು ಹಿಡಿಹಿಡಿಯಾಗಿ ಸುರಿದಳು. "ಅತ್ತೆ, ಸಾಕು" ಎಂದಳು ಪವಿತ್ರಾ. "ನೀ ಸುಮ್ಮನಿರು" ಎಂದು ಮತ್ತೊಂದು ಹಿಡಿ ಹಾಕಿದಳು. ಸುಬ್ಬಪ್ಪನಿಗೆಂದು ನಾಲ್ಕು ತುಂಡನ್ನು ಮಾತ್ರ ಬರೀ ಉಪ್ಪು ಹಿಟ್ಟಿನಲ್ಲಿ ಬೇರೆ ಇಟ್ಟಿದ್ದಳು. ಒಂದು ಸಲ ಹೊರಳಿಸಿ, ಮಜ್ಜಿಗೆಯಲ್ಲಿ ಅದ್ದಿ, ಮತ್ತೆ ಹಿಟ್ಟಿಗೆ ಒತ್ತಿದಳು. ಉರಿ ಹದ ಮಾಡಿ ಎಣ್ಣೆಗೆ ಬಿಟ್ಟಳು.

ಆಮೇಲೆ ಅವಳು ಕಣ್ಣು ಮುಚ್ಚಿ ನಿಂತು ಕೇಳಿದಳು. ಬನದಲ್ಲಿ ಮೂಸದೆ, ಮುಟ್ಟದೆ, ಮೂವತ್ತೈದು ವರ್ಷ ಕೊಪ್ಪರಿಗೆಯ ಕುದಿ ಕೇಳಿ ಕೇಳಿ ಪಳಗಿದ ಕಿವಿ ಅದು. ತುಂಡು ಬಿದ್ದೊಡನೆ ಎಣ್ಣೆ ಜೋರಾಗಿ ಕೂಗಿತು. ಬರಬರುತ್ತ ಕೂಗು ತಗ್ಗಿತು. ಒಳಗಿನ ನೀರು ಆರಿ ಶಬ್ದ ಸಣ್ಣಗೆ ಚಿಟಚಿಟ ಎನ್ನುವ ಹೊತ್ತಿಗೆ "ಆಯ್ತು" ಎಂದು ಕಣ್ಣು ಬಿಟ್ಟಳು. ಜಾಲರಿಯಲ್ಲಿ ಎತ್ತಿದರೆ ಹೊಂಬಣ್ಣ, ಒಂದು ಚುಕ್ಕೆ ಕಪ್ಪಿಲ್ಲ. ಪವಿತ್ರಾ ಬಾಯಿ ಬಿಟ್ಟು ನೋಡಿದಳು.

ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂರುವುದು ಸೀತಕ್ಕನ ಅಭ್ಯಾಸ. ಪವಿತ್ರಾ ಬಿಡಲಿಲ್ಲ. ಭುಜ ಒತ್ತಿ ಕೂರಿಸಿ ತಟ್ಟೆ ಎದುರಿಗಿಟ್ಟಳು.

"ಇದು ಹರಕೆಯದ್ದಲ್ಲ ಅತ್ತೆ. ಭೂತರಾಯ ಅಮೆರಿಕದ ಕೋಳಿ ಕೇಳೂದಿಲ್ಲ. ಮೊದ್ಲು ನೀವೇ ತಿನ್ನಿ."

ಸೀತಕ್ಕ ತುಂಡನ್ನು ಕೈಗೆತ್ತಿಕೊಂಡಳು. ಕಚ್ಚಿದಳು. ಕರಕ್! ಶಬ್ದ ತಲೆಯೊಳಗೆಲ್ಲ ಓಡಾಡಿತು. ಒಳಗೆ ಮೆತ್ತಗೆ ಬೆಂದ ಬಿಸಿ ಮಾಂಸ ಹಲ್ಲಿಗೆ ಸಿಕ್ಕಿತು. ಒಂದು ಕ್ಷಣ ಏನೂ ಇಲ್ಲ. ಇಷ್ಟೇ, ಮುಗಿಯಿತು ಎಂದುಕೊಂಡಳು. ಅಷ್ಟರಲ್ಲಿ ನಾಲಿಗೆಯ ತುದಿಯಿಂದ ಉರಿ ಎದ್ದಿತು. ತುಟಿಗೆ ಬಂತು, ಗಂಟಲಿಗೆ ಇಳಿಯಿತು, ಕಿವಿ ಬಿಸಿಯಾಯಿತು. ಮೂಗು ಸುರಿಯಿತು, ಕಣ್ಣು ಸುರಿಯಿತು.

"ಅಯ್ಯಯ್ಯೋ, ಖಾರ!" ಎಂದು ಕೂಗಿದಳು. "ಖಾರ ಕಣೇ! ನಂಗೆ ಖಾರ ಗೊತ್ತಾಗ್ತದೆ!"

ಕೂಗಿದ ಮೇಲೆಯೇ ಅವಳಿಗೆ ಗಂಡ, ಮಗ ಎದುರಿಗಿರುವುದು ನೆನಪಾದದ್ದು. ಲೋಕೇಶ ಏನೂ ತಿಳಿಯದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಹೇಳಿದ್ದಾಯಿತಲ್ಲ, ಇನ್ನೇನು? ಸೆರಗಿನಲ್ಲಿ ಮೂಗೊರೆಸಿ ಮತ್ತೆ ಕಚ್ಚಿದಳು. ಹಾಯ್ ಹೂಯ್ ಎನ್ನುತ್ತ, ಅಳುತ್ತ, ನಗುತ್ತ ಮೂಳೆಯನ್ನೂ ಚೀಪಿ ಮುಗಿಸಿ, ಖಾಲಿ ತಟ್ಟೆಯನ್ನು ಸೊಸೆಯ ಮುಂದೆ ಚಾಚಿದಳು.

"ಇನ್ನೊಂದು ಹಾಕು."

ಸುಬ್ಬಪ್ಪ ತನ್ನ ಸಪ್ಪೆ ತುಂಡನ್ನು ಕೆಳಗಿಟ್ಟ.

"ನಾಲ್ಕ್ ವರ್ಷ ಆಯ್ತು ಸೀತಾ, ನೀ ಎರಡನೇ ಸಲ ಬಡಿಸ್ಕೊಂಡು."

ಸೀತಕ್ಕ ಅವನನ್ನೇ ನೋಡಿದಳು. "ನಿಮ್ಗೆ ಗೊತ್ತಿತ್ತಾ?"

"ಅಷ್ಟ್ ವರ್ಷ ಒಂದಿನಾನೂ 'ಉಪ್ಪು ನೋಡಿ' ಅನ್ನದವ್ಳು ಇದ್ದಕ್ಕಿದ್ದಂಗೆ ದಿನಾ ಅಂಗೈಗೆ ಬಿಡೂಕೆ ಶುರು ಮಾಡಿದ್ರೆ, ಗೊತ್ತಾಗದೆ ಇರೂಕೆ ನಾನೆಂತ ಕಲ್ಲಾ? ನೀನಾಗಿ ಹೇಳ್ತಿ ಅಂತ ಸುಮ್ನಿದ್ದೆ. ಉಪ್ಪು ನೋಡ್ಕೊಂಡು ಇದ್ದೆ."

ಸೀತಕ್ಕನಿಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು. ಪವಿತ್ರಾ ಸದ್ದಿಲ್ಲದೆ ತಟ್ಟೆಗೆ ಎರಡು ತುಂಡು ಹಾಕಿದಳು, ದೊಡ್ಡವೇ ಆರಿಸಿ.

ಸೀತಕ್ಕ ಒಂದನ್ನು ಕೈಗೆತ್ತಿಕೊಂಡು ಮೂವರ ಮುಖವನ್ನೂ ಸಾಲಾಗಿ ನೋಡಿದಳು.

"ನೋಡಿ, ನನ್ನ ಮೂಗಿನ ವಿಷ್ಯ ಇನ್ನು ಊರಿಗೆಲ್ಲ ಹೇಳ್ಕೊಳ್ಳಿ, ನಂಗೇನಿಲ್ಲ. ಬನಕ್ಕೆ ಕರೆದ್ರೆ ಹೋಗ್ತೀನಿ, ಬಿಟ್ರೆ ಬಿಡ್ಲಿ. ಆದ್ರೆ ನಾನು ಫಾರಂ ಕೋಳಿ ತಿಂದೆ ಅಂತ ಯಾರಾದ್ರೂ ಬಾಯ್ಬಿಟ್ರೋ, ಈ ಮನೇಲಿ ಒಲೆ ಹಚ್ಚೂದಿಲ್ಲ."

ಹೇಳಿ, ಕರಕ್ಕೆಂದು ಕಚ್ಚಿದಳು.