ಒಗೆಯುವ ಕಲ್ಲು ಯಾರದು

ಕರ ಅಂದರೆ ಜನ ಮಾರು ದೂರ ಸರಿಯುತ್ತಾರೆ. ನಮ್ಮ ಅವ್ವ ಮಾತ್ರ ಕರ ಕಟ್ಟಲು ಮೂವತ್ತು ವರ್ಷ ಕಾದವಳು. ಕೆಲಗೇರಿಯ ಆಚೆ, ಹೊಲವನ್ನೇ ತುಂಡು ಮಾಡಿ ಮಾರಿದ ಪ್ಲಾಟಿನಲ್ಲಿ ನಮ್ಮ ಮನೆ. ಅಪ್ಪ ಬಿಟ್ಟುಹೋದದ್ದು ಪ್ಲಾಟು ಕೊಂಡಾಗ ಬರೆಸಿದ ಒಂದು ಬಾಂಡ್ ಪೇಪರು ಅಷ್ಟೇ. ಗಟಾರು ಕೇಳಿದರೂ ಡಾಂಬರು ಕೇಳಿದರೂ "ನಿಮ್ಮದು ಅಕ್ರಮ" ಎಂಬ ಒಂದೇ ಉತ್ತರ. ಆ ಮಾತು ಕೇಳಿದಾಗೆಲ್ಲ ಅವ್ವನ ಮುಖ ಸಣ್ಣದಾಗುತ್ತಿತ್ತು. "ಕಳುವು ಮಾಡೇವೇನು ನಾವು?" ಎನ್ನುತ್ತಿದ್ದಳು.

ಹಾಗಾಗಿ ಇಂಥ ಮನೆಗಳಿಂದಲೂ ಕರ ಕಟ್ಟಿಸಿಕೊಂಡು ಬಿ ಖಾತಾ ಎಂಬ ದಾಖಲೆ ಕೊಡಬಹುದೆಂದು ಸರ್ಕಾರ ಕಾಯ್ದೆ ತಿದ್ದಿದಾಗ, ಮೊದಲ ಸಲ ದುಪ್ಪಟ್ಟು ಕರ ಎಂದು ತಿಳಿದೂ ಅವ್ವ ಹಿಗ್ಗಿದಳು. ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಕಾಯ್ದೆ-ಕಾನೂನು ಬಾಯಿಪಾಠ ಮಾಡಿಸುವವನು ನಾನು. ಅರ್ಜಿಯ ಕೆಲಸ ನನಗೆ ಬಿಡು ಎಂದು ಎದೆಯುಬ್ಬಿಸಿದೆ. ಅರ್ಜಿಗೆ ಕೊನೆಯ ದಿನವೊಂದಿತ್ತು.

ಪಕ್ಕದ ಮನೆ ಮೆಕ್ಯಾನಿಕ್ ಕಾಕಾನದು. ಅಪ್ಪ ಪ್ಲಾಟು ಕೊಂಡ ದಿನವೇ ಅವನೂ ಕೊಂಡಿದ್ದ. ಎರಡು ಮನೆಗಳ ನಡುವೆ ಗೋಡೆಯಿಲ್ಲ. ಮಂಚದಷ್ಟು ಅಗಲದ ಒಂದು ಪಟ್ಟಿ, ಅದರಲ್ಲೊಂದು ಒಗೆಯುವ ಕಲ್ಲು. ಅವ್ವನೂ ಕಾಕಿಯೂ ಅದರ ಆಚೀಚೆ ಕೂತು ಬಟ್ಟೆಗಿಂತ ಹೆಚ್ಚಾಗಿ ಊರವರನ್ನೇ ಒಗೆಯುತ್ತಿದ್ದರು.

ಪಾಲಿಕೆಯಿಂದ ಅಳತೆಗೆ ಬಂದವನು ಟೇಪು ಹಿಡಿದು, "ಈ ಪಟ್ಟಿ ಯಾರದ್ರಿ?" ಎಂದ.

"ಅವರದ್ರಿ," ಎಂದಳು ಅವ್ವ.

"ಛೇ ಛೇ, ಅಕ್ಕಾರದ್ರಿ ಅದು," ಎಂದ ಕಾಕಾ.

"ನಿಮ್ಮ ಮನ್ಯಾಗ ಮಂದಿ ಭಾಳ. ನೀವ ಬರಸ್ಕೊಳ್ರಿ."

"ನಮಗ್ಯಾಕ್ರಿ ಅಕ್ಕಾರ? ಬ್ಯಾಡ್ರಿ."

ತಟ್ಟೆಯಲ್ಲಿ ಉಳಿದ ಕೊನೆಯ ಹೋಳಿಗೆಗೂ ನಮ್ಮಲ್ಲಿ ಇದೇ ಗತಿ. ನೀವು ತಗೊಳ್ರಿ, ನೀವು ತಗೊಳ್ರಿ ಎನ್ನುವಷ್ಟರಲ್ಲಿ ಅದು ಆರಿಹೋಗಿರುತ್ತದೆ. ಗೇಣು ಜಾಗಕ್ಕೆ ತಲೆ ಒಡೆದುಕೊಳ್ಳುವವರನ್ನೇ ಕಂಡಿದ್ದ ಆ ಮನುಷ್ಯ ಕಕ್ಕಾಬಿಕ್ಕಿಯಾಗಿ, ಇಬ್ಬರ ನಕ್ಷೆಯಿಂದಲೂ ಪಟ್ಟಿಯನ್ನು ಬಿಟ್ಟು ಹೋದ. ಎಂಥ ಒಳ್ಳೆಯ ಜನ ಎಂದುಕೊಂಡು ನಾನೂ ಸುಮ್ಮನಿದ್ದೆ.

ಎರಡೂ ಅರ್ಜಿಗಳು ತಿರುಗಿ ಬಂದವು. ಹಳೆಯ ಕಾಗದಗಳಲ್ಲಿ ಎರಡು ಪ್ಲಾಟೂ ಒಂದಕ್ಕೊಂದು ಹತ್ತಿಕೊಂಡಿವೆ, ಅಳತೆಯಲ್ಲಿ ನಡುವೆ ಜಾಗ ಬಿಟ್ಟಿದೆ, ತಾಳೆಯಿಲ್ಲ ಎಂದು ಬರೆದಿತ್ತು. ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಬಾಂಡ್ ಪೇಪರು ಬಿಚ್ಚಿ ಓದಿದೆ. ಪಟ್ಟಿ ನಮ್ಮದೇ ಆಗಿತ್ತು.

"ನಿನಗ ಗೊತ್ತಿತ್ತೇನವ್ವಾ?"

"ಗೊತ್ತಿತ್ತು. ಕಲ್ಲು ಹಾಕಿಸಿದಾಗ ನಿಮ್ಮಪ್ಪ ಹೇಳಿದ್ರು, ಎರಡೂ ಮನಿಯವರು ಒಗಿಯೋ ಕಲ್ಲಿದು, ನಮ್ಮದು ಅಂತ ಎಂದೂ ಅನಬ್ಯಾಡ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಕೊನೆಯ ದಿನಕ್ಕೆ ಉಳಿದದ್ದು ಎರಡೇ ದಿನ. ಅರ್ಧ ಅರ್ಧ ಮಾಡೋಣವೆಂದರೆ ಹೊಸ ಕಾಗದ ಮಾಡಿಸಬೇಕು, ಅಷ್ಟು ಪುರಸೊತ್ತು ಎಲ್ಲಿತ್ತು? ಅಪ್ಪನ ಮಾತು ಮುರಿಯಲಾರೆ ಎಂದು ಅವ್ವ ಪಟ್ಟು ಹಿಡಿದಳು. ಕೊನೆಗೆ ಕಾಕಾನೇ ಬಂದು, ಗ್ರೀಸು ಮೆತ್ತಿದ ಕೈ ಜೋಡಿಸಿ ಹೊಸ್ತಿಲ ಬಳಿ ನಿಂತ.

"ಅಕ್ಕಾರ, ಒಂದ ಸಲ ನಮ್ಮದು ಅನ್ರಿ. ನೀವು ಅನ್ನಲಿಲ್ಲಂದ್ರ ಇಬ್ಬರೂ ಅಕ್ರಮ ಆಗೇ ಉಳಿತೇವಿ."

ಮರುದಿನ ಮತ್ತೆ ಅಳತೆಯಾಯಿತು. "ನಮ್ಮದ್ರಿ," ಎಂದಳು ಅವ್ವ, ನೆಲ ನೋಡುತ್ತ, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ. ನನಗೆ ಅಯ್ಯೋ ಅನ್ನಿಸಿತು.

ಎರಡು ಮನೆಗೂ ಖಾತಾ ಬಂತು. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ, "ಇನ್ನ ಯಾರರ ಅಕ್ರಮ ಅನ್ಲಿ ನೋಡೋಣು," ಎಂದಳು. ಅಷ್ಟು ಅಗಲವಾದ ನಗೆಯನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಾಕಿ ಬಕೆಟ್ಟು ಹಿಡಿದು ಪಟ್ಟಿಯ ಅಂಚಿನಲ್ಲೇ ನಿಂತಿದ್ದಳು. "ಅಕ್ಕಾರ, ನಾಕು ಅರಿವಿ ಒಗಕೊಳ್ಳಲೇನ್ರಿ?"

ಮೂವತ್ತು ವರ್ಷದಲ್ಲಿ ಅವಳು ಎಂದೂ ಕೇಳಿರಲಿಲ್ಲ. ಅವಳದೇನೂ ತಪ್ಪಿಲ್ಲ, ಮರ್ಯಾದೆಯಿಂದಲೇ ಕೇಳಿದ್ದಳು. ಆ ಮರ್ಯಾದೆಯೇ ನನ್ನನ್ನು ಚುಚ್ಚಿತು.

ಅವ್ವ ಒಳಗೆ ಹೋಗಿ, ಹಿಂದಿನ ದಿನವಷ್ಟೇ ಒಗೆದು ಮಡಿಚಿಟ್ಟಿದ್ದ ಸೀರೆಯನ್ನು ತಂದು, ಕಾಕಿಯ ಬಕೆಟ್ಟಿನಲ್ಲೇ ಅದ್ದಿ, ಕಲ್ಲಿನ ಒಂದು ಬದಿಗೆ ಕೂತಳು.

"ನೀ ಅತ್ಲಾಗ ಕೂಡು," ಎಂದಳು. "ಇನ್ನೊಂದು ಸಲ ಕೇಳಿದಿ ಅಂದ್ರ, ಆ ಖಾತಾ ತಂದು ಇದ ಕಲ್ಲಿನ ಮ್ಯಾಲೆ ಒಗದಬಿಡ್ತೇನಿ."

ಕಾಕಿ ಕೂತಳು.