ಮರುದಿನದ ಹುಗ್ಗಿ

ಕುದಿಯುವ ಗೋಧಿಗೆ ಬೆಲ್ಲ ಬಿದ್ದಾಗ ಏಳುವ ಬೆಚ್ಚನೆಯ ವಾಸನೆ ಎಲ್ಲಿಂದ ಬಂದರೂ ನನ್ನ ಜೀವ ಮೂಡಲಗಿಯ ನಮ್ಮ ಹಳೆಯ ಮನೆಗೆ ಓಡುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಈಗ ಆ ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಆಗ ಅಲ್ಲಿ ಎರಡು ಒಲೆಗಳಿದ್ದವು. ಒಂದರ ಮೇಲೆ ಸಾರು ಕುದಿಯುತ್ತಿತ್ತು, ಇನ್ನೊಂದರ ಮೇಲೆ ಅವ್ವನ ಕತ್ತರಿ. ಆ ಎರಡನೆಯ ಪಾತ್ರೆ ಮುಟ್ಟಿದರೆ ಬೆನ್ನಿಗೆ ಗುದ್ದು ಖಂಡಿತ.

ಹುಕ್ಕೇರಿಯಿಂದ ಸೊಸೆಯಾಗಿ ಬಂದ ಅವ್ವ ನಮ್ಮ ಭಾಗದಲ್ಲಿ ತರಬೇತಿ ಪಡೆದ ಮೊದಲ ಸೂಲಗಿತ್ತಿ. ಕುಡಗೋಲಿನಿಂದ ಹೊಕ್ಕಳುಬಳ್ಳಿ ಕೊಯ್ಯುತ್ತಿದ್ದ ಆ ಕಾಲದಲ್ಲಿ, ಕತ್ತರಿ ಕುದಿಸಲೇಬೇಕೆಂದು ಬಾಣಂತಿಯರ ಅತ್ತೆಯರೊಡನೆ ಜಗಳವಾಡಿ, ಗೆದ್ದು, ಅವರ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿದು ಬರುತ್ತಿದ್ದಳು. ಯಾರು ಯಾವಾಗ ಹುಟ್ಟಿದರೆಂಬುದು ಅವಳಿಗೆ ಬಾಯಿಪಾಠ. ಅಪ್ಪ ಶಾಲೆಯಲ್ಲಿ ಮಾಸ್ತರರು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಜೂನ್ ಒಂದು ಎಂದು ಬರೆಯುವ ಮುಂಚೆ ಅವ್ವನನ್ನು ಒಂದು ಮಾತು ಕೇಳುತ್ತಿದ್ದರು. "ಅರಭಾವಿ ಬಸವ್ವನ ಮಗಳೇನ್ರಿ? ಹೊಳಿ ತುಂಬಿ ಬಂದ ಮರುದಿನಾ, ಎಮ್ಮಿ ಹಿಂಡೂ ಹೊತ್ತಿಗೆ," ಎಂದು ಅವಳು ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಆದರೆ ನನ್ನ ಹೆಸರಿನ ಮುಂದೆಯೂ ಜೂನ್ ಒಂದೇ! ಅಪ್ಪನನ್ನು ಕೇಳಿದರೆ ಕನ್ನಡಕ ಒರೆಸುತ್ತ, "ನಿಮ್ಮವ್ವನ್ನ ಕೇಳು," ಎನ್ನುತ್ತಿದ್ದರು. ಅವ್ವ, "ಮಂದೀದ ನೆನಪಿಡೂದ್ರಾಗ ನಿಂದ ಮರ್ತ ಬಿಟ್ಟೆ ನೋಡ," ಎಂದು ನಗುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಒಮ್ಮೆ, "ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದು ಅವಳ ಮುಖಕ್ಕೇ ಅಂದುಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ರತಿವರ್ಷ ನಾಗರ ಪಂಚಮಿಯಾದ ಐದನೆಯ ದಿನ ಅವ್ವ ಮಸಗುಪ್ಪಿಯ ಕಾಶವ್ವ ಎಂಬವಳ ಮನೆಗೆ ಹೋಗಿ, ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ಮರುದಿನ ಮಾತ್ರ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಪಾತೇಲಿ ತುಂಬ ಗೋಧಿ ಹುಗ್ಗಿ. ಮೊದಲ ಬಟ್ಟಲು ನನಗೆ, ಮೇಲೆ ಧಾರಾಳ ತುಪ್ಪ. "ಯಾಕವಾ ಇವತ್ತ ಹುಗ್ಗಿ?" ಎಂದರೆ, "ಗೋದಿಗೆ ಹುಳಾ ಹತ್ತಾಕತ್ತಾವು, ತಿನ್ನು," ಎನ್ನುತ್ತಿದ್ದಳು. ಪ್ರತಿವರ್ಷವೂ ಅದೇ ಹುಳ.

ಹೋದ ವರ್ಷ ಅವ್ವ ತೀರಿಕೊಂಡಳು. ಮೂರನೆಯ ದಿನ ಕಾಶವ್ವ ಮೊಮ್ಮಗನ ತೋಳು ಹಿಡಿದುಕೊಂಡು ಬಂದಳು. ನನ್ನ ಕೆನ್ನೆ ಸವರಿ ಹೇಳಿದಳು: "ನನ್ನ ಚೊಚ್ಚಲ ಹೆರಿಗಿಗೆ ನಿಮ್ಮವ್ವ ತುಂಬಿದ ಹೊಟ್ಟಿ ಹೊತಗೊಂಡ ಬಂದಿದ್ಳವಾ. ನನ್ನ ಕೂಸು ಅಳಲೇ ಇಲ್ಲ, ಹೋತು. ಅದನ್ನ ಅರಿವ್ಯಾಗ ಸುತ್ತಿಟ್ಟು, ಅವತ್ತ ಬಾಜೂ ಖೋಲ್ಯಾಗ ನಿನ್ನ ಹಡದ್ಳು. ನಿನ್ನ ಅಳು ನನಗ ಕೇಳಬಾರದಂತ ನಿನ್ನ ಎದಿಗೆ ಒತ್ತಿ ಹಿಡದಿದ್ಳು. 'ಕಾಶವ್ವಾ, ಇದು ನಿನ್ನ ಕೂಸಿನ ದಿನಾ. ಈ ದಿನಾ ನನ್ನ ಮನ್ಯಾಗ ಸಿಹಿ ಮಾಡಂಗಿಲ್ಲ,' ಅಂದ್ಳು. ಹುಟ್ಟಿದ ದಿನಾ ಗೊತ್ತಾದ್ರ ಅವತ್ತs ಸಿಹಿ ಬೇಕಂತ ಹಠಾ ಮಾಡ್ತಿ ಅಂತ ನಿನಗೂ ಹೇಳಲಿಲ್ಲ. ಪ್ರತಿ ವರ್ಷಾ ಅದs ದಿನಾ ಬಂದು ನನ್ನ ಬಾಜೂ ಕುಂಡ್ರತಿದ್ಳು."

ನಾನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಹತ್ತು ವರ್ಷದ ನನ್ನ ಆ ಮಾತನ್ನು ಈಗ ಯಾರ ಮುಂದೆ ಹಿಂತೆಗೆದುಕೊಳ್ಳಲಿ?

ಈ ವರ್ಷ ಪಂಚಮಿಯಾದ ಐದನೆಯ ದಿನ ನಾನೇ ಮಸಗುಪ್ಪಿಯ ಬಸ್ಸು ಹತ್ತಿದೆ. ಕಾಶವ್ವನ ಪಕ್ಕದಲ್ಲಿ ಸಂಜೆಯವರೆಗೆ ಕುಳಿತೆ. ಮರುದಿನ ಗೋಕಾಕದ ನನ್ನ ಮನೆಯಲ್ಲಿ ಹುಗ್ಗಿ ಮಾಡಿದೆ. ಅವ್ವನ ಹದ ಬರಲಿಲ್ಲ, ತಳ ಹತ್ತಿತು. "ಇವತ್ತೇನ ವಿಶೇಷ ಐತಿ?" ಎಂದು ಮಗಳು ಕೇಳಿದಳು.

"ಗೋದಿಗೆ ಹುಳಾ ಹತ್ತಾಕತ್ತಾವು, ತಿನ್ನು," ಎಂದೆ.